ರಕ್ತರಾತ್ರಿಯ ರಸಿಕತೆ: ಅತಿರೇಕದ ಬೀಭತ್ಸವನ್ನು ಕುರಿತು ಒಂದು ವಿವೇಚನೆ

ನಮ್ಮಲ್ಲಿ ವಿದ್ವಾಂಸರಾದವರು ರಕ್ತವನ್ನು ಕಾವ್ಯದಲ್ಲಿ ಸಹಿಸುತ್ತಾರೆ, ಶಿಲ್ಪದಲ್ಲಿ ಮೆಚ್ಚುತ್ತಾರೆ. ರಂಗದ ಮೇಲೆ ಕಂಡರೆ ಮಾತ್ರ ಮುಖ ಸಿಂಡರಿಸುತ್ತಾರೆ. ಹಳೆಬೀಡಿನ ಗೋಡೆಯ ಮೇಲೆ ಉಗ್ರನರಸಿಂಹನು ಹಿರಣ್ಯಕಶಿಪುವಿನ ಕರುಳನ್ನು ಬಗೆದು ಎತ್ತಿ ಹಿಡಿದಿರುವುದನ್ನು ವಿದ್ಯಾರ್ಥಿಗಳಿಗೆ ತೋರಿಸುವ ಅಧ್ಯಾಪಕನು, ಆ ಕರುಳು ಹೂವಿನ ಮಾಲೆಯಂತೆ ಎಷ್ಟು ಅಚ್ಚುಕಟ್ಟಾಗಿ ಕಡೆಯಲ್ಪಟ್ಟಿದೆ ಎಂದು ಬಣ್ಣಿಸುತ್ತಾನೆ. ಅದೇ ಅಧ್ಯಾಪಕನು ಊರ ಜಾತ್ರೆಯಲ್ಲಿ ಭೀಮನ ಪಾತ್ರಧಾರಿಯು ದುಶ್ಶಾಸನನ ಹೊಟ್ಟೆಯ ಮೇಲೆ ಕುಳಿತು ಕೆಂಪು ಅರಿವೆಯನ್ನು ಮೊಳಗಟ್ಟಲೆ ಎಳೆಯುವುದನ್ನು ಕಂಡರೆ "ಇದು ಹಳ್ಳಿಗರ ರುಚಿ" ಎಂದು ಎದ್ದು ಹೋಗುತ್ತಾನೆ. ಈ ಎರಡು ನಿಲುವುಗಳ ನಡುವಣ ವಿಸಂಗತಿಯನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ. ಅದಕ್ಕಾಗಿ ಎರಡು ಬಗೆಯ ಕೃತಿಗಳನ್ನು ಇಲ್ಲಿ ಎದುರುಬದುರಾಗಿ ಇಡಲಾಗಿದೆ. ಒಂದು, ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳ್ಳಿಗಳಲ್ಲಿ ತಲೆಮಾರುಗಳಿಂದ ಆಡುತ್ತ ಬಂದಿರುವ 'ರಕ್ತರಾತ್ರಿ'ಯಂತಹ ನಾಟಕ; ಇನ್ನೊಂದು, ೧೯೬೦ರಿಂದ ಮುಂದೆ ಸುಮಾರು ಕಾಲುಶತಮಾನ ಇಟಲಿಯಲ್ಲಿ ಹುಲುಸಾಗಿ ಬೆಳೆದ ರಕ್ತಮಯವಾದ ಭಯಾನಕ ಚಿತ್ರಪಟ. ಎರಡಕ್ಕೂ ಪರಸ್ಪರ ಪ್ರಭಾವವಿಲ್ಲ. ಆದರೂ ಎರಡರ ಮೇಲೂ ಹೊರಿಸಲಾದ ಆರೋಪ ಒಂದೇ: ಅತಿಯಾಯಿತು ಎಂಬುದು.

'ರಕ್ತರಾತ್ರಿ'ಯ ಕರ್ತೃಗಳಾದ ಕಂದಗಲ್ಲ ಹನುಮಂತರಾಯರು (೧೮೯೬–೧೯೬೬) ಅಂದಿನ ವಿಜಾಪುರ ಜಿಲ್ಲೆಯ ಹುನಗುಂದ ತಾಲೂಕಿನವರು. ವೃತ್ತಿನಾಟಕ ಮಂಡಳಿಗಳಿಗಾಗಿ ಬರೆದ 'ಕುರುಕ್ಷೇತ್ರ', 'ಅಕ್ಷಯಾಂಬರ', 'ಚಿತ್ರಾಂಗದಾ' ಮೊದಲಾದವುಗಳಿಂದ ಅವರಿಗೆ 'ಕರ್ನಾಟಕದ ಷೇಕ್ಸ್‌ಪಿಯರ್' ಎಂಬ ಪ್ರಶಸ್ತಿ ಜನರ ಬಾಯಿಂದ ಬಂದಿತು. ವಿಜಯಪುರದ ರಂಗಮಂದಿರವು ಇಂದು ಅವರ ಹೆಸರನ್ನೇ ಹೊತ್ತಿದೆ. 'ರಕ್ತರಾತ್ರಿ'ಯ ವಸ್ತು ಮಹಾಭಾರತದ ಸೌಪ್ತಿಕ ಪರ್ವಕ್ಕೆ ಸೇರಿದ್ದು. ಯುದ್ಧ ಮುಗಿದಿದೆ, ದುರ್ಯೋಧನನು ತೊಡೆ ಮುರಿದು ಬಿದ್ದಿದ್ದಾನೆ, ಆಲದ ಮರದಲ್ಲಿ ಮಲಗಿದ ಕಾಗೆಗಳನ್ನು ಗೂಗೆಯೊಂದು ಕೊಲ್ಲುವುದನ್ನು ಕಂಡ ಅಶ್ವತ್ಥಾಮನು ಅದನ್ನೇ ಉಪದೇಶವಾಗಿ ಸ್ವೀಕರಿಸಿ, ನಡುರಾತ್ರಿ ಪಾಂಡವರ ಶಿಬಿರವನ್ನು ಹೊಕ್ಕು, ನಿದ್ರಿಸುತ್ತಿದ್ದ ಧೃಷ್ಟದ್ಯುಮ್ನನನ್ನೂ ಶಿಖಂಡಿಯನ್ನೂ ದ್ರೌಪದಿಯ ಐವರು ಮಕ್ಕಳನ್ನೂ ಕೊಲ್ಲುತ್ತಾನೆ. ಇಡೀ ಮಹಾಭಾರತದಲ್ಲಿ ಇಷ್ಟು ಹೇಯವಾದ ಕೃತ್ಯ ಇನ್ನೊಂದಿಲ್ಲ. ಅದರಲ್ಲಿಯೂ ಧೃಷ್ಟದ್ಯುಮ್ನನಿಗೆ ಶಸ್ತ್ರದಿಂದ ಸಾಯುವ ಗೌರವವೂ ದೊರೆಯುವುದಿಲ್ಲ. ಅವನನ್ನು ಪಶುವಿನಂತೆ ಒದ್ದು ಕೊಲ್ಲಲಾಗುತ್ತದೆ. ಇಂಥ ಕಥೆಯನ್ನೇ ನಮ್ಮ ರೈತಾಪಿ ಜನರು ತಾವೇ ವರ್ಗಣಿ ಕೂಡಿಸಿ, ಮಾಸ್ತರರನ್ನು ಕರೆಯಿಸಿ, ತಿಂಗಳುಗಟ್ಟಲೆ ತಾಲೀಮು ಮಾಡಿ ಆಡಲು ಏಕೆ ಆರಿಸಿಕೊಂಡರು? ಶೃಂಗಾರಕ್ಕೆ ಅವರಲ್ಲಿ ಕೊರತೆಯಿರಲಿಲ್ಲ. ಮೂಡಲಗಿ ಸೀಮೆಯ ಕುಲಗೋಡ ತಮ್ಮಣ್ಣನು ತಿದ್ದಿ ಬೆಳೆಸಿದ 'ಶ್ರೀಕೃಷ್ಣ ಪಾರಿಜಾತ', ಅದರಲ್ಲಿ ಹೆಸರು ಗಳಿಸಿದ ಕೌಜಲಗಿ ನಿಂಗಮ್ಮ, ಇವರೆಲ್ಲ ಈ ನೆಲದವರೇ. ಸತ್ಯಭಾಮೆಯ ಬಿಂಕವನ್ನು ಬೆಳತನಕ ಕೇಳಬಲ್ಲ ಜನಕ್ಕೆ ಅಶ್ವತ್ಥಾಮನ ಖಡ್ಗವೂ ಬೇಕಾಗಿತ್ತು.

ಇದಕ್ಕೆ ವಿದ್ಯಾವಂತರು ಕೊಡುವ ಸಿದ್ಧ ಉತ್ತರವೆಂದರೆ, ಅಸಂಸ್ಕೃತ ಮನಸ್ಸು ಕ್ರೌರ್ಯವನ್ನು ಬಯಸುತ್ತದೆ ಎಂಬುದು. ಈ ಉತ್ತರವು ಇತಿಹಾಸದ ಮುಂದೆ ನಿಲ್ಲಲಾರದು. ಘಟಪ್ರಭೆಯ ದಂಡೆಯಲ್ಲಿಯೇ, ಮೂಡಲಗಿಗೆ ಮೂಡಣದಲ್ಲಿರುವ ಮುಧೋಳದಲ್ಲಿ ಹತ್ತನೆಯ ಶತಮಾನದಲ್ಲಿ ಹುಟ್ಟಿದ ರನ್ನನು ಚಾಲುಕ್ಯರ ಆಸ್ಥಾನಕ್ಕಾಗಿ 'ಗದಾಯುದ್ಧ'ವನ್ನು ಬರೆದನು. ಅದರಲ್ಲಿ ದುರ್ಯೋಧನನು ಸಂಜಯನೊಡನೆ ಹೆಣಗಳ ರಾಶಿಯ ನಡುವೆ ಎಡವುತ್ತ ನಡೆಯುವ ಭಾಗವಿದೆ. ಕೆಸರಾದ ನೆತ್ತರು, ಕರುಳ ತೊಡಕು, ಚಕ್ರವರ್ತಿಯನ್ನೇ ಹಂಗಿಸುವ ಮರುಳುಗಳು: ಇವನ್ನು ಕೇಳಿ ತಲೆದೂಗಿದವರು ಅರಸರು, ದಂಡನಾಯಕರು, ಪಂಡಿತರು. ಆ ಕಾಲದ ನಾಡಿನ ಶಿಲ್ಪದಲ್ಲಿ ಬಾಗಿಸಿದ ಗಳುವಿಗೆ ಜಡೆಯನ್ನು ಕಟ್ಟಿ ತನ್ನ ತಲೆಯನ್ನು ತಾನೇ ಅರ್ಪಿಸುವ ಸಿಡಿತಲೆಯ ವೀರರೂ ಇದ್ದಾರೆ. ರಕ್ತದ ಕಡೆಗಿನ ಈ ಒಲವು ಕೆಳಗಿನಿಂದ ಮೇಲಕ್ಕೆ ಬಂದದ್ದೋ ಮೇಲಿನಿಂದ ಕೆಳಗೆ ಇಳಿದದ್ದೋ ಎಂದು ವಾದಿಸುವುದು ವ್ಯರ್ಥ. ಅದು ಎಲ್ಲರದೂ ಆಗಿತ್ತು. ವೀರಭದ್ರನ ಪುರವಂತರು ದಕ್ಷಯಜ್ಞದ ಒಡಪುಗಳನ್ನು ಗರ್ಜಿಸುತ್ತ ಕೆನ್ನೆಗೆ ಶಸ್ತ್ರ ಹಾಯಿಸಿಕೊಳ್ಳುವ ಕ್ರಿಯೆಯನ್ನು ಬೆಳಗಾವಿ ಜಿಲ್ಲೆಯ ಜಾತ್ರೆಗಳಲ್ಲಿ ಇಂದಿಗೂ ನೋಡಬಹುದು. ದಕ್ಷನ ತಲೆ ಹಾರುತ್ತದೆ, ಅದರ ಸ್ಥಳದಲ್ಲಿ ಆಡಿನ ತಲೆ ಬರುತ್ತದೆ. ಭಯ, ಜುಗುಪ್ಸೆ, ನಗೆ ಮೂರೂ ಒಂದೇ ಉಸಿರಿನಲ್ಲಿ ಬರುವ ಈ ಕಥೆಯನ್ನು ಭಕ್ತಿಯಿಂದಲೇ ಕೇಳುತ್ತಾರೆ.

ಶಾಸ್ತ್ರಕಾರರು ಮಾತ್ರ ಎಚ್ಚರಿಕೆ ವಹಿಸಿದರು. ಯುದ್ಧ, ರಾಜ್ಯಭ್ರಂಶ, ಮರಣ, ನಗರದ ಮುತ್ತಿಗೆ ಇವನ್ನು ಅಂಕದಲ್ಲಿ ಪ್ರತ್ಯಕ್ಷವಾಗಿ ತೋರಿಸದೆ ಪ್ರವೇಶಕಗಳಿಂದ ಸೂಚಿಸಬೇಕೆಂದು ಭರತನು ವಿಧಿಸಿದನು. ಸಮುದ್ರದಾಚೆ ರೋಮಿನ ಕವಿ ಹೊರೇಸನೂ ಮೆಡಿಯಾ ತನ್ನ ಮಕ್ಕಳನ್ನು ಸಭೆಯ ಮುಂದೆ ಕೊಲ್ಲಬಾರದೆಂದು ಇದೇ ಮಾತನ್ನು ಹೇಳಿದನು. ಎರಡು ನಾಡುಗಳಲ್ಲಿಯೂ ಕವಿಗಳು ಇದನ್ನು ಮೀರಿದರು. 'ಊರುಭಂಗ'ದಲ್ಲಿ ದುರ್ಯೋಧನನು ರಂಗದ ಮೇಲೆಯೇ ಪ್ರಾಣ ಬಿಡುತ್ತಾನೆ; ಸೆನೆಕನ 'ಥೈಯೆಸ್ಟಿಸ್' ನಾಟಕದಲ್ಲಿ ತಂದೆಯೊಬ್ಬನು ತಿಳಿಯದೆ ತನ್ನ ಮಕ್ಕಳ ಮಾಂಸವನ್ನು ಉಣ್ಣುತ್ತಾನೆ. ಆದರೆ ಭರತನನ್ನು ಕೇವಲ ನಿಷೇಧಕನೆಂದು ತಿಳಿಯಬಾರದು. ಬೀಭತ್ಸಕ್ಕೆ ಎಂಟು ರಸಗಳಲ್ಲಿ ಸ್ಥಾನ ಕೊಟ್ಟವನೂ ಅವನೇ. ರಕ್ತಾದಿಗಳಿಂದ ಹುಟ್ಟುವ ಕ್ಷೋಭಜವನ್ನು ಹುಳುಹೇಸಿಗೆಗಳಿಂದ ಹುಟ್ಟುವ ಉದ್ವೇಗಿಯಿಂದ ಬೇರ್ಪಡಿಸಿದವನೂ ಅವನೇ. ಇನ್ನೂ ಮುಖ್ಯವಾದ ಮಾತೆಂದರೆ, ನಾಲ್ಕು ಮೂಲರಸಗಳಿಂದ ಉಳಿದ ನಾಲ್ಕು ಹುಟ್ಟುತ್ತವೆಂದು ಹೇಳುವಾಗ ಅವನು ಭಯಾನಕವನ್ನು ಬೀಭತ್ಸದಿಂದಲೂ ಕರುಣವನ್ನು ರೌದ್ರದಿಂದಲೂ ಪಡೆಯುತ್ತಾನೆ. ಈ ಎರಡು ಜೋಡಿಗಳನ್ನು ಓದುಗರು ನೆನಪಿನಲ್ಲಿಡಬೇಕೆಂದು ಬಿನ್ನಹ. ನಮ್ಮ ನಾಟಕಕ್ಕೂ ಇಟಲಿಯ ಚಿತ್ರಪಟಕ್ಕೂ ಇರುವ ನಿಜವಾದ ಅಂತರ ಇಲ್ಲಿಯೇ ಇದೆ.

ಇನ್ನು ಇಟಲಿಯ ಮಾತು. ಛಾಯಾಗ್ರಾಹಕನಾಗಿ ನುರಿತಿದ್ದ ಮಾರಿಯೋ ಬಾವಾ (೧೯೧೪–೧೯೮೦) ಎಂಬಾತನು ೧೯೬೦ರಲ್ಲಿ, ಹೊರನಾಡುಗಳಲ್ಲಿ 'ಬ್ಲ್ಯಾಕ್ ಸಂಡೇ' ಎಂದು ಹೆಸರಾದ ಚಿತ್ರವನ್ನು ನಿರ್ದೇಶಿಸಿದನು. ಅದರ ಆರಂಭದಲ್ಲಿಯೇ ಮಾಟಗಾತಿಯೆಂದು ತೀರ್ಪಿಗೊಳಗಾದ ಸ್ತ್ರೀಯ ಮುಖಕ್ಕೆ ಒಳಗೆ ಮೊಳೆಗಳಿರುವ ಮುಖವಾಡವನ್ನು ಸುತ್ತಿಗೆಯಿಂದ ಬಡಿದು ಕೂಡಿಸುತ್ತಾರೆ. ಚಿತ್ರವು ಕಪ್ಪು ಬಿಳುಪಿನದು. ಆದರೂ ಇಂಗ್ಲೆಂಡು ಅದನ್ನು ೧೯೬೮ರವರೆಗೆ ಒಳಗೆ ಬಿಡಲಿಲ್ಲ. ೧೯೬೪ರ 'ಬ್ಲಡ್ ಅಂಡ್ ಬ್ಲ್ಯಾಕ್ ಲೇಸ್' ಚಿತ್ರದಲ್ಲಿ ಬಾವಾ ಬಣ್ಣವನ್ನು ತಂದನು: ರೋಮಿನ ಉಡುಪಿನ ಮಳಿಗೆಯೊಂದರಲ್ಲಿ ಕೊಲೆಗಳು ನಡೆಯುತ್ತವೆ, ಒಂದೊಂದು ಕೊಲೆಯೂ ಕೆಂಪು, ಹಸುರು, ನೇರಿಳೆ ಬೆಳಕಿನಲ್ಲಿ ಜಾತ್ರೆಯ ಅಂಗಡಿಯಂತೆ ಹೊಳೆಯುತ್ತದೆ. ಈ ಜಾತಿಯ ಚಿತ್ರಗಳಿಗೆ ಇಟಲಿಯಲ್ಲಿ 'ಜಾಲ್ಲೋ', ಅಂದರೆ 'ಹಳದಿ' ಎಂದು ಹೆಸರು. ೧೯೨೯ರಿಂದ ಮೊಂಡಡೋರಿ ಪ್ರಕಾಶನದವರು ಹಳದಿ ಹೊದಿಕೆಯಲ್ಲಿ ಹೊರಡಿಸಿದ ಪತ್ತೇದಾರಿ ಪುಸ್ತಕಗಳಿಂದ ಅದು ಬಂದಿತು. ಮುಂದೆ ದಾರಿಯೋ ಅರ್ಜೆಂತೋ ೧೯೭೫ರಲ್ಲಿ 'ಡೀಪ್ ರೆಡ್', ೧೯೭೭ರಲ್ಲಿ 'ಸಸ್ಪಿರಿಯಾ' ಚಿತ್ರಗಳಿಂದಲೂ, ಲೂಚಿಯೋ ಫುಲ್ಚಿ (೧೯೨೭–೧೯೯೬) ೧೯೭೯ರ 'ಝೊಂಬಿ ೨', ೧೯೮೧ರ 'ದ ಬಿಯಾಂಡ್' ಚಿತ್ರಗಳಿಂದಲೂ ಈ ಮಾರ್ಗವನ್ನು ಅದರ ತುದಿಗೆ ಒಯ್ದರು.

'ಸಸ್ಪಿರಿಯಾ'ದ ಮೊದಲ ಕೊಲೆಯನ್ನೇ ನೋಡಿರಿ. ನೃತ್ಯಶಾಲೆಯಿಂದ ಓಡಿಬಂದ ಹುಡುಗಿಯೊಬ್ಬಳನ್ನು ಕಾಣದ ಕೈ ಇರಿಯುತ್ತದೆ. ಅಷ್ಟು ಸಾಲದೆ ಮಿಡಿಯುವ ಹೃದಯವನ್ನೇ ತೋರಿಸಿ ಅದಕ್ಕೂ ಇರಿಯಲಾಗುತ್ತದೆ. ಅಷ್ಟೂ ಸಾಲದೆ ಅವಳು ಚಾವಣಿಯ ಬಣ್ಣದ ಗಾಜನ್ನು ಒಡೆದುಕೊಂಡು ಕೆಳಗೆ ಬಿದ್ದು ನೇಣಿನಲ್ಲಿ ತೂಗುತ್ತಾಳೆ. ಒಡೆದ ಗಾಜು ಕೆಳಗಿದ್ದ ಇನ್ನೊಬ್ಬಳ ಪ್ರಾಣವನ್ನೂ ತೆಗೆಯುತ್ತದೆ. ಒಬ್ಬ ಮನುಷ್ಯನನ್ನು ಕೊಲ್ಲಲು ಇಷ್ಟೆಲ್ಲ ಬೇಕಿಲ್ಲವೆಂಬುದು ನಿರ್ದೇಶಕನಿಗೆ ತಿಳಿಯದ ಸಂಗತಿಯೆ? ಕೊಲೆಯ ಉದ್ದೇಶಕ್ಕೆ ಮೀರಿದ ಈ ಉಳಿಕೆಯೇ ಅವನ ಕಲೆಯ ವಿಷಯ. ಅಲ್ಲಿಯ ರಕ್ತವು ರಕ್ತದ ಬಣ್ಣದ್ದಲ್ಲ, ಬಣ್ಣದ ಡಬ್ಬಿಯ ಬಣ್ಣದ್ದು. ಅರ್ಜೆಂತೋ ಮತ್ತು ಅವನ ಛಾಯಾಗ್ರಾಹಕ ಲೂಚಿಯಾನೋ ತೊವೋಲಿ ಇವರು ಮಾದರಿಯಾಗಿಟ್ಟುಕೊಂಡದ್ದು ೧೯೩೭ರ 'ಸ್ನೋ ವೈಟ್' ಎಂಬ ಮಕ್ಕಳ ಚಿತ್ರದ ವರ್ಣಗಳನ್ನು. ಮಿಲಾನಿನ ಮುಖ್ಯ ಇಗರ್ಜಿಯಲ್ಲಿ ತನ್ನ ಸುಲಿದ ಚರ್ಮವನ್ನೇ ಶಲ್ಯದಂತೆ ಹೊದ್ದು ನಿಂತ ಸಂತ ಬಾರ್ತೊಲೊಮೆಯೋನ ೧೫೬೨ರ ಪ್ರತಿಮೆಯಿದೆ. ಹೊಲೊಫರ್ನಿಸನ ಕತ್ತನ್ನು ಕೊಯ್ಯುತ್ತಿರುವ ಜೂಡಿತಳನ್ನು ಕಾರವಾಜ್ಜೋ ಹದಿನಾರನೆಯ ಶತಮಾನದ ಕೊನೆಗೆ ಚಿತ್ರಿಸಿದನು. ಇಂಥವನ್ನು ಪೂಜಾಸ್ಥಾನದಲ್ಲಿಯೂ ಅರಮನೆಯಲ್ಲಿಯೂ ಕಂಡು ಬೆಳೆದ ನಾಡಿಗೆ, ಸಂಗೀತನಾಟಕದಲ್ಲಿ ಇರಿತಕ್ಕೊಳಗಾದವರು ದೀರ್ಘವಾಗಿ ಹಾಡಿ ಸಾಯುವುದನ್ನು ಕೇಳಿ ಬಲ್ಲ ನಾಡಿಗೆ, ಅರ್ಜೆಂತೋ ಹೊಸಬನೇನೂ ಅಲ್ಲ.

ಅತಿರೇಕಕ್ಕೆ ಇನ್ನೊಂದು ಕಾರಣವನ್ನೂ ಹೇಳಬೇಕು. ಅದು ರಸಶಾಸ್ತ್ರದ್ದಲ್ಲ, ಪ್ರೇಕ್ಷಾಗೃಹದ್ದು. ಇಟಲಿಯಲ್ಲಿ ನಗರದ ದೊಡ್ಡ ಚಿತ್ರಮಂದಿರಗಳ ಕೆಳಗೆ ಎರಡನೆಯ, ಮೂರನೆಯ ಸುತ್ತಿನ ಸಣ್ಣ ಮಂದಿರಗಳಿದ್ದವು. ಓಣಿಯ ಜನ ಅಲ್ಲಿಗೆ ನಡುವೆಯೇ ಬರುತ್ತಿದ್ದರು, ಮಾತಾಡುತ್ತಿದ್ದರು, ಎದ್ದು ಹೋಗುತ್ತಿದ್ದರು. ಅಂಥ ಸಭೆಯ ಗಮನವನ್ನು ಮತ್ತೆ ಮತ್ತೆ ಪರದೆಗೆ ಎಳೆಯಬೇಕಾದರೆ ನಿಗದಿಯಾದ ಅಂತರದಲ್ಲಿ ಒಂದು ದೊಡ್ಡ ಏಟು ಬೀಳಲೇಬೇಕು. ನಮ್ಮ ಕಡೆಯ ರಾತ್ರಿ ನಾಟಕದ ಸಭೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ. ರಾತ್ರಿ ಹತ್ತಕ್ಕೆ ಆರಂಭವಾದ ಆಟ ಬೆಳಗಿನ ಜಾವದವರೆಗೆ ನಡೆಯುತ್ತದೆ. ಮಕ್ಕಳು ಕೌದಿಯ ಮೇಲೆ ನಿದ್ದೆ ಹೋಗಿರುತ್ತಾರೆ. ಚುರುಮುರಿ, ಚಹದ ಅಂಗಡಿಗಳ ಗದ್ದಲ ಒಂದು ಕಡೆ. ಬಹುಮಾನ ಕೊಟ್ಟವರ ಹೆಸರನ್ನು ನಡುನಡುವೆ ಕೂಗಿ ಹೇಳುವುದು ಇನ್ನೊಂದು ಕಡೆ. ಪೆಟ್ಟಿಗೆಯವನು ಸ್ವರವನ್ನು ಏರಿಸಿ, ತಬಲೆಯವನು ಒಮ್ಮೆಲೆ ಗುಡುಗಿಸಿ, ಅಶ್ವತ್ಥಾಮನು ಖಡ್ಗವನ್ನು ಜಳಪಿಸಿದಾಗ ಮಲಗಿದ್ದವರು ಎದ್ದು ಕೂಡುತ್ತಾರೆ. 'ಸಸ್ಪಿರಿಯಾ' ಚಿತ್ರಕ್ಕೆ ಗಾಬ್ಲಿನ್ ಎಂಬ ವಾದ್ಯಮೇಳದವರು ಒದಗಿಸಿದ ಸಂಗೀತವು ಮಾಡುವ ಕೆಲಸವೂ ಇದೇ. ಅದು ಹಿನ್ನೆಲೆಯಲ್ಲಿ ಇರಲು ಒಪ್ಪುವುದೇ ಇಲ್ಲ.

ಈ ಲೇಖಕನು ನೋಡಿದ ಪ್ರಯೋಗವೊಂದರಲ್ಲಿ ಉಪಪಾಂಡವರ ಐದು ತಲೆಗಳೆಂದರೆ ಕೆಂಪು ನೀರಿನಲ್ಲಿ ಅದ್ದಿದ ಅರಿವೆಯಲ್ಲಿ ಸುತ್ತಿದ ಐದು ತೆಂಗಿನಕಾಯಿಗಳು. ಅವು ತೆಂಗಿನಕಾಯಿಗಳೆಂಬುದು ಮುಂದಿನ ಸಾಲಿನ ಕೂಸುಗಳಿಗೂ ಗೊತ್ತಿದ್ದಿತು. ಹಾಗಿದ್ದೂ ಅವುಗಳನ್ನು ದುರ್ಯೋಧನನ ಮುಂದೆ ಇಟ್ಟಾಗ ಕಣದಲ್ಲಿ ಉಸಿರಿನ ಸಪ್ಪಳವೂ ಕೇಳಲಿಲ್ಲ. ಇಲ್ಲಿ ಯಾರೂ ಮೋಸಹೋಗಿರಲಿಲ್ಲ. ಮೋಸಹೋಗಬೇಕೆಂದು ಯಾರೂ ಬಯಸಿರಲೂ ಇಲ್ಲ. ಕೃತಕವೆಂದು ಎಲ್ಲರಿಗೂ ತಿಳಿದಿರುವ ರಕ್ತವು ಕೊಡುವ ಸ್ವಾತಂತ್ರ್ಯ ದೊಡ್ಡದು: ನೋಡುವವನು ಕಣ್ಣು ಮುಚ್ಚಬೇಕಾಗಿಲ್ಲ. ಹಿಂಸೆಯನ್ನು ಇದ್ದಕ್ಕಿದ್ದಂತೆ ತೋರಿಸುತ್ತೇವೆಂದು ಹೇಳಿಕೊಳ್ಳುವ ವಾಸ್ತವವಾದಿಗಳು ಈ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುತ್ತಾರೆ. ಅತಿರೇಕವು ಹಿಂಸೆಯನ್ನು ಹೆಚ್ಚಿಸುತ್ತದೆ ಎಂಬ ಮಾತು ಲೆಕ್ಕದಲ್ಲಿ ಸರಿ, ಅನುಭವದಲ್ಲಿ ತಪ್ಪು. ಒಂದು ಮೊಳದ ಕರುಳು ಹೇಸಿಕೆಯನ್ನು ಹುಟ್ಟಿಸಿದರೆ ಹತ್ತು ಮೊಳದ ಕರುಳು ವಿಸ್ಮಯವನ್ನು ಹುಟ್ಟಿಸುತ್ತದೆ.

ಇದಕ್ಕೆ ವಿರುದ್ಧವಾದ ಸಾಕ್ಷ್ಯವನ್ನು 'ಸಂಗ್ಯಾ ಬಾಳ್ಯಾ' ಸಣ್ಣಾಟವು ಒದಗಿಸುತ್ತದೆ. ಅದು ಬೈಲಹೊಂಗಲದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ನಿಜವಾಗಿ ನಡೆದ ಕೊಲೆಯನ್ನು ಆಧರಿಸಿದ್ದು. ಅಲ್ಲಿ ನೋಡುವವರ ಮನಸ್ಸು ಗಾಯದ ಮೇಲೆ ನಿಲ್ಲುವುದಿಲ್ಲ, ಗೆಳೆಯ ಬಾಳ್ಯಾನ ವಿಶ್ವಾಸಘಾತದ ಮೇಲೆ ನಿಲ್ಲುತ್ತದೆ. ಘಟನೆ ಹತ್ತಿರದ್ದಾದರೆ ನಮ್ಮ ರಂಗವು ರಕ್ತವನ್ನು ಕಡಿಮೆ ಮಾಡುತ್ತದೆ. ದ್ವಾಪರದ್ದಾದರೆ ಹೊಳೆಯನ್ನೇ ಹರಿಸುತ್ತದೆ. ಇದು ರುಚಿಯಿಲ್ಲದವರ ನಡತೆಯಲ್ಲ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ೧೯೩೭ರಲ್ಲಿ ಹುಟ್ಟಿ ಈ ಆಟಗಳ ನಡುವೆಯೇ ಬೆಳೆದ ಚಂದ್ರಶೇಖರ ಕಂಬಾರರು 'ಜೋಕುಮಾರಸ್ವಾಮಿ'ಯಲ್ಲಿ ಬಸಣ್ಣನ ಕೊಲೆಯನ್ನು ಫಲವಂತಿಕೆಯ ಆಚರಣೆಯೊಡನೆ ಹೆಣೆದಾಗ ಎರಡು ಪದ್ಧತಿಗಳನ್ನೂ ಬಲ್ಲವರ ಜಾಣ್ಮೆ ಅಲ್ಲಿ ಕಾಣುತ್ತದೆ. ಹಿಂದಿಯ ರಾಮ್ಸೆ ಸಹೋದರರ 'ಪುರಾನಾ ಮಂದಿರ್' (೧೯೮೪) ಮೊದಲಾದವುಗಳನ್ನು ಇಲ್ಲಿ ಚರ್ಚಿಸುವುದು ಅನವಶ್ಯಕ; ಅವುಗಳಲ್ಲಿ ಹೊಗೆ ಹೆಚ್ಚು, ಬಣ್ಣ ಕಡಿಮೆ.

ಇಷ್ಟು ಹೇಳಿದ ಮೇಲೆ ಇಟಲಿಯವರ ವಿರುದ್ಧ ಇರುವ ಎರಡು ಆಕ್ಷೇಪಣೆಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಮೊದಲನೆಯದು ರುಗ್ಗೇರೋ ದೆಯೊದಾತೋ ೧೯೮೦ರಲ್ಲಿ ಹೊರತಂದ 'ಕ್ಯಾನಿಬಲ್ ಹೋಲೊಕಾಸ್ಟ್' ಎಂಬ ಚಿತ್ರಕ್ಕೆ ಸಂಬಂಧಿಸಿದ್ದು. ನಟರನ್ನು ನಿಜವಾಗಿಯೇ ಕೊಂದಿದ್ದಾನೆಂಬ ಗುಮಾನಿಯಿಂದ ಚಿತ್ರವನ್ನು ಜಪ್ತಿ ಮಾಡಲಾಯಿತು. ಅವರು ಬದುಕಿದ್ದಾರೆಂಬುದನ್ನು ಅವನು ಸಿದ್ಧಪಡಿಸಬೇಕಾಯಿತು. ಮನುಷ್ಯರು ಬದುಕಿದ್ದರು, ಆದರೆ ಚಿತ್ರಕ್ಕಾಗಿ ಪ್ರಾಣಿಗಳನ್ನು ನಿಜವಾಗಿ ಕೊಲ್ಲಲಾಗಿತ್ತು. ಇಲ್ಲಿಗೆ ಕಲೆಯ ಕರಾರು ಮುರಿಯಿತು. ತೆಂಗಿನಕಾಯಿಯ ಸ್ಥಳದಲ್ಲಿ ತಲೆಯನ್ನೇ ತಂದವನು ಹೆಚ್ಚು ಸಮರ್ಥನೆನಿಸಲಾರನು. ಅವನು ಬೇರೆ ಕಸುಬಿಗೆ ಇಳಿದಂತಾಯಿತು. ನಮ್ಮಲ್ಲಿ ಜಾತ್ರೆಗಳ ಪ್ರಾಣಿಬಲಿಯನ್ನು ೧೯೫೯ರ ಕಾಯಿದೆ ನಿಷೇಧಿಸಿತು. ಪುರವಂತನ ಒಡಪನ್ನು ನಿಷೇಧಿಸಲಿಲ್ಲ. ಶಾಸನಕಾರರಿಗೆ ಕಂಡ ಈ ಭೇದವು ವಿಮರ್ಶಕರಿಗೂ ಕಾಣಬೇಕು. ಇಂಗ್ಲೆಂಡಿನಲ್ಲಿ ಮಾತ್ರ ೧೯೮೪ರ ವಿಡಿಯೋ ಕಾಯಿದೆಗೆ ಮುನ್ನ ಎದ್ದ ಗದ್ದಲದಲ್ಲಿ ದೆಯೊದಾತೋ, ಫುಲ್ಚಿ, ಅರ್ಜೆಂತೋ ಎಲ್ಲರನ್ನೂ ಒಂದೇ ಪಟ್ಟಿಯಲ್ಲಿ ಹಾಕಿ ಕೈ ತೊಳೆದುಕೊಂಡರು.

ಎರಡನೆಯ ಆಕ್ಷೇಪಣೆ ಇನ್ನೂ ಗಂಭೀರವಾದದ್ದು. ಇಟಲಿಯ ಈ ಚಿತ್ರಗಳಲ್ಲಿ ಸಾಯುವವರು ಬಹುಮಟ್ಟಿಗೆ ತರುಣಿಯರು; ಅವರ ಸಾವನ್ನು ಅಲಂಕರಿಸಿದಷ್ಟು ಅವರ ಬದುಕನ್ನು ಅಲಂಕರಿಸಿಲ್ಲ. ಸತ್ತವಳಿಗಾಗಿ ಅಳುವವರು ಯಾರೂ ಇಲ್ಲ. ತಾಯಿಯಿಲ್ಲ, ಊರಿಲ್ಲ, ಮುಂದಿನ ದೃಶ್ಯದಲ್ಲಿ ಪೋಲೀಸು ಅಧಿಕಾರಿ ಬರುತ್ತಾನೆ, ಪ್ರಶ್ನೆ ಕೇಳುತ್ತಾನೆ, ಹೋಗುತ್ತಾನೆ. ಭರತನ ಮಾತಿನಲ್ಲಿ ಹೇಳುವುದಾದರೆ ಇವರು ಬೀಭತ್ಸದಿಂದ ಭಯಾನಕವನ್ನು ಪಡೆದು ಅಲ್ಲಿಗೇ ನಿಲ್ಲುತ್ತಾರೆ. ಫುಲ್ಚಿಯ 'ಝೊಂಬಿ ೨' ಚಿತ್ರದಲ್ಲಿ ಮರದ ಸಿಬಿರು ಸ್ತ್ರೀಯೊಬ್ಬಳ ಕಣ್ಣನ್ನು ಹೊಗುವ ಪ್ರಸಿದ್ಧ ದೃಶ್ಯವು ಭಯಾನಕದ ರಚನೆಯಲ್ಲಿ ಅಸಾಧಾರಣವಾದದ್ದು. ನಿಧಾನವಾಗಿ ಸಮೀಪಿಸುವ ಆ ಸಿಬಿರಿಗೆ ಸಮಾನವಾದದ್ದು ನಮ್ಮ ರಂಗದಲ್ಲಿ ಇಲ್ಲ. ಆದರೆ ಆ ಕಣ್ಣು ಯಾರದೆಂದು ಮರುದಿನ ನೆನಪಿರುವುದಿಲ್ಲ. ವರ್ಣದಲ್ಲಿ, ಬೆಳಕಿನಲ್ಲಿ, ಸಾವಿನ ಕಲ್ಪನೆಯ ವೈವಿಧ್ಯದಲ್ಲಿ ಇಟಲಿಯವರ ಮುಂದೆ ನಮ್ಮ ಹಳ್ಳಿಯ ನಾಟಕವು ಬಡವ. ವಿಲಾಪದಲ್ಲಿ ಮಾತ್ರ ಅವರೇ ಬಡವರು.

ಈ ವಿವೇಚನೆಗೆ ಇಂದು ಒಂದು ತುರ್ತೂ ಇದೆ. ನಮ್ಮ ವಿದ್ಯಾರ್ಥಿಗಳ ಕೈಯಲ್ಲಿರುವ ಮೊಬೈಲಿನಲ್ಲಿ ನಿಜವಾದ ಕೊಲೆಯ, ನಿಜವಾದ ಅಪಘಾತದ ದೃಶ್ಯಗಳು ಹರಿದಾಡುತ್ತಿವೆ. ಅವುಗಳಲ್ಲಿ ಅತಿರೇಕವಿಲ್ಲ, ಬಣ್ಣವಿಲ್ಲ, ಸಂಗೀತವಿಲ್ಲ. ಅವು ಅರ್ಧ ನಿಮಿಷದಲ್ಲಿ ಮುಗಿಯುತ್ತವೆ. ಇವನ್ನೂ 'ಸಸ್ಪಿರಿಯಾ'ವನ್ನೂ 'ರಕ್ತರಾತ್ರಿ'ಯನ್ನೂ "ಹಿಂಸೆ" ಎಂಬ ಒಂದೇ ಶಬ್ದದಿಂದ ಖಂಡಿಸುವ ಅಧ್ಯಾಪಕನು ವಿದ್ಯಾರ್ಥಿಗೆ ಯಾವ ಅಳತೆಗೋಲನ್ನೂ ಕೊಟ್ಟಂತಾಗಲಿಲ್ಲ. ಇತ್ತ ಅಳತೆಗೋಲಾಗಬಹುದಾಗಿದ್ದ ಕೃತಿಗಳು ಹಿಂದೆ ಸರಿಯುತ್ತಿವೆ. ೧೯೭೬ರ ನ್ಯಾಯಾಲಯದ ತೀರ್ಪಿನಿಂದ ಖಾಸಗಿ ದೂರದರ್ಶನ ಹಬ್ಬಿದ ಮೇಲೆ ಇಟಲಿಯ ಓಣಿಯ ಚಿತ್ರಮಂದಿರಗಳು ಒಂದೊಂದಾಗಿ ಮುಚ್ಚಿದವು; ಅವುಗಳೊಡನೆ ಈ ಚಿತ್ರಪ್ರಕಾರವೂ ಸೊರಗಿತು. ನಮ್ಮ ಜಾತ್ರೆಗಳಲ್ಲಿ ಪೌರಾಣಿಕದ ಸ್ಥಳವನ್ನು ಹಾಸ್ಯಪ್ರಧಾನವಾದ ಸಾಮಾಜಿಕ ನಾಟಕಗಳು ಹೆಚ್ಚಾಗಿ ಆಕ್ರಮಿಸಿವೆ. ಹಳೆಯ ಮಾಸ್ತರರ ಕೈಬರಹದ ಪ್ರತಿಗಳು ಮನೆಗಳ ಅಟ್ಟದಲ್ಲಿ ಗೆದ್ದಲು ಹತ್ತಿ ಹೋಗುತ್ತಿವೆ. ಒಂದೊಂದು ಊರಿನವರು ತಮ್ಮ ಪ್ರತಿಯಲ್ಲಿ ಏನನ್ನು ಕೂಡಿಸಿದರು, ಏನನ್ನು ಬಿಟ್ಟರು ಎಂಬುದು ಇತಿಹಾಸದ ವಿದ್ಯಾರ್ಥಿಗೆ ಶಾಸನಕ್ಕಿಂತ ಕಡಿಮೆ ಬೆಲೆಯ ಆಕರವಲ್ಲ. ಶಾಸನಗಳನ್ನು ಅರಸರು ಬರೆಯಿಸಿದರು, ಇವನ್ನು ಒಕ್ಕಲಿಗರು ಬರೆಯಿಸಿಕೊಂಡರು.

ಕೂಡಿಸಿದ್ದಕ್ಕೆ ಒಂದು ದೃಷ್ಟಾಂತ. ಸಂಸ್ಕೃತ ಮೂಲದಲ್ಲಿ ಅಶ್ವತ್ಥಾಮನ ಸುದ್ದಿಯನ್ನು ಕೇಳಿದ ದುರ್ಯೋಧನನು ಸಂತೃಪ್ತನಾಗಿ ಪ್ರಾಣ ಬಿಡುತ್ತಾನೆ. ನಮ್ಮ ಕಡೆಯಲ್ಲಿ ಹೇಳುವ, ಆಡುವ ಕಥೆ ಹಾಗಿಲ್ಲ. ಪಾಂಡವರ ತಲೆಗಳೆಂದು ತಂದೊಪ್ಪಿಸಿದವುಗಳನ್ನು ಅವನು ಕತ್ತಲಲ್ಲಿ ಕೈಯಿಂದ ತಡವಿ ನೋಡುತ್ತಾನೆ. ಮೇಲೆ ಹೇಳಿದ ಪ್ರಯೋಗದಲ್ಲಿ ದುರ್ಯೋಧನನ ಪಾತ್ರಧಾರಿಯು ಆ ತೆಂಗಿನಕಾಯಿಗಳನ್ನು ಒಂದೊಂದಾಗಿ ತೊಡೆಯ ಮೇಲಿಟ್ಟುಕೊಂಡು, ಮೀಸೆ ಇರಬೇಕಾದ ಕಡೆ ಬೆರಳಾಡಿಸಿ, ಅಶ್ವತ್ಥಾಮನ ಕಡೆಗೆ ತಿರುಗಿ, ಇವು ಹುಡುಗರವು ಎಂದನು. ಪೆಟ್ಟಿಗೆ ನಿಂತಿತು. ಹೆಣ್ಣುಮಕ್ಕಳು ಕೂತ ಕಡೆಯಿಂದ ಅಳುವ ದನಿ ಎದ್ದಿತು. ಅಲ್ಲಿಯವರೆಗೆ ಸಿಳ್ಳು ಹಾಕುತ್ತಿದ್ದ ಹುಡುಗರು ಸುಮ್ಮನಾದರು.